ಅಕ್ಕ ಕೈ ಮುಗಿದ ಸೆನ್ಸರ್ ದೀಪ

ಮೊದಲು ‘ಟಕ್’ ಎಂಬ ಒಂದು ಸದ್ದು, ಅದರ ಬೆನ್ನಿಗೇ ಗಾಜಿನ ಬಳೆಗಳ ಸದ್ದು. ಆನವಟ್ಟಿಯ ನಮ್ಮ ಮನೆಯಲ್ಲಿ ಸಂಜೆಯಾಗುತ್ತಿದ್ದುದು ಹೀಗೆ. ಟಕ್ ಎನ್ನುತ್ತಿದ್ದುದು ಮರದ ಹಲಗೆಯ ಮೇಲೆ ಕೂತಿದ್ದ ಗುಂಡನೆಯ ಕಪ್ಪು ಸ್ವಿಚ್ಚು. ಬಳೆಗಳು ನನ್ನ ಅಕ್ಕನವು. ಅಪ್ಪನ ಬಟ್ಟೆ ಅಂಗಡಿ, ಅದರ ಹಿಂದಿನ ಮನೆ, ಎರಡಕ್ಕೂ ಸೇರಿ ಇದ್ದದ್ದು ಮೂರು ಬಲ್ಬು. ಮೂರನ್ನೂ ಹಾಕುವ ಅಧಿಕಾರ ಅಕ್ಕನದಾಗಿತ್ತು. ಸ್ವಿಚ್ಚು ಒತ್ತಿ, ಬಲ್ಬಿನೊಳಗಿನ ತಂತಿ ಕೆಂಪಾಗಿ ಹಳದಿಯಾದದ್ದನ್ನು ಕಂಡು ಖಾತ್ರಿ ಮಾಡಿಕೊಂಡು, ಆಮೇಲೆ ಎರಡೂ ಕೈ ಜೋಡಿಸುತ್ತಿದ್ದಳು. ಆಗ ಬಳೆಗಳು ಮೊಣಕೈ ಕಡೆಗೆ ಜಾರಿ ಝಲ್ ಎನ್ನುತ್ತಿದ್ದವು. ಎಣ್ಣೆ ದೀಪಕ್ಕೆ ಕೈ ಮುಗಿಯುತ್ತಿದ್ದವರು ಕರೆಂಟು ಬಂದ ಮೇಲೆ ಬಲ್ಬಿಗೂ ಮುಗಿದರು; ಅದರಲ್ಲಿ ನಮ್ಮ ಕಡೆ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ. ಈಗಲೂ ಸಂಜೆ ಟ್ಯೂಬ್‌ಲೈಟ್ ಹಾಕಿ, ಗೋಡೆಯ ಮೇಲಿನ ಆ ಬಿಳಿ ಕೋಲಿಗೆ ಕೈ ಮುಗಿದು ಒಳಗೆ ಹೋಗುವ ಹೆಂಗಸರು ನಮ್ಮ ಬೀದಿಯಲ್ಲೇ ನಾಲ್ಕಾರು ಮಂದಿ ಇದ್ದಾರೆ.

ಆ ಕಾಲದಲ್ಲಿ ದೀಪವನ್ನು ನಾವು ನೋಡುತ್ತಿದ್ದೆವು. ಈಗ ದೀಪವೇ ನಮ್ಮನ್ನು ನೋಡುತ್ತದೆ. ನಾವು ಬಂದೆವೋ ಇಲ್ಲವೋ, ಅಲ್ಲಾಡಿದೆವೋ ಇಲ್ಲವೋ ಎಂದು ಪರೀಕ್ಷೆ ಮಾಡಿ, ಪಾಸಾದರೆ ಹತ್ತುತ್ತದೆ. ಇಂಥ ದೀಪಗಳನ್ನು ನನ್ನ ಮನೆಗೆ ಹಾಕಿಸಿಕೊಂಡವಳು ನಾನೇ, ನನ್ನ ಸ್ವಂತ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ. ಪಾದ್ರಿಯ ಮುಂದೆ ತಪ್ಪು ಒಪ್ಪಿಕೊಳ್ಳುವ ಕನ್ಫೆಷನ್ ಎಂದರೆ ಏನೆಂದು ಓದಿದ ಕಾನ್ವೆಂಟಿನಲ್ಲಿ ಕಣ್ಣಾರೆ ಕಂಡವಳು ನಾನು. ತಪ್ಪನ್ನು ಬೇರೆಯವರ ತಲೆಗೆ ಕಟ್ಟುವಂತಿಲ್ಲ ಎನ್ನುವುದೇ ಅದರ ಮೊದಲ ರೂಲು.

ನನ್ನ ವಿಷಯ ಹೇಳಿಬಿಡುತ್ತೇನೆ. ಶಿಕಾರಿಪುರದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಮದುವೆ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುತ್ತಿದ್ದವರೆಲ್ಲ ಈಗ ತೀರಿಕೊಂಡಿದ್ದಾರೆ, ಹಾಗಾಗಿ ಉತ್ತರವೂ ನನಗೆ ಮರೆತುಹೋಗಿದೆ. ರಿಟೈರ್ ಆದ ಮೇಲೆ ಊರ ಹೊರಗಿನ ಲೇಔಟಿನಲ್ಲಿ ಒಂದು ಪುಟ್ಟ ಮನೆ ಕಟ್ಟಿಸಿದೆ. ಅದರ ಪ್ಲಾನು ನನ್ನದೇ. ಪ್ಲಾನಿನಲ್ಲಿ ಒಂದೇ ಒಂದು ತಪ್ಪಿದೆ, ಆದರೆ ಅದು ಮನೆಯ ನಟ್ಟ ನಡುವೆ ಇದೆ. ಹಾಲಿನಿಂದ ಬಚ್ಚಲುಮನೆಗೆ ಹೋಗುವ ಪ್ಯಾಸೇಜಿಗೆ ಕಿಟಕಿಯೂ ಇಲ್ಲ, ಈ ತುದಿಯಲ್ಲಿ ಸ್ವಿಚ್ಚೂ ಇಲ್ಲ. ಅರ್ಧ ಕಟ್ಟಿದ ಮೇಲೆ ವಾಸ್ತು ಬಲ್ಲವರೊಬ್ಬರು ಬಂದು ಅಡಿಗೆಮನೆಯನ್ನು ಆಚೆ ಈಚೆ ಮಾಡಿಸಿದರು. ಅಡಿಗೆಮನೆ ಈ ಕಡೆಗೆ ಬಂದಿತು, ಸ್ವಿಚ್ಚು ಮಾತ್ರ ಆ ತುದಿಯಲ್ಲೇ ಉಳಿಯಿತು. ಅಂದರೆ ಕತ್ತಲೆಯನ್ನು ಪೂರ್ತಿ ದಾಟಿದವರಿಗೆ ಮಾತ್ರ ನನ್ನ ಮನೆಯಲ್ಲಿ ದೀಪ. ನಮ್ಮ ಕಾನ್ವೆಂಟಿನ ಹಾಸ್ಟೆಲ್ಲಿನ ಸಿಸ್ಟರ್ ಸ್ವರ್ಗದ ಬಗ್ಗೆ ಹೇಳುತ್ತಿದ್ದುದೂ ಹೆಚ್ಚು ಕಡಿಮೆ ಇದನ್ನೇ. ನನಗೆ ರೂಢಿಯಾಗಿತ್ತು. ಹದಿನಾಲ್ಕು ಹೆಜ್ಜೆ ಎಣಿಸಿ ಕೈ ಚಾಚಿದರೆ ಸ್ವಿಚ್ಚು ಸಿಗುತ್ತಿತ್ತು.

ಅಕ್ಕನಿಗೆ ಎಣಿಕೆ ಗೊತ್ತಿರಲಿಲ್ಲ. ಅಕ್ಕ ಸೊರಬದಲ್ಲಿದ್ದಳು. ಭಾವ ಹೋಗಿ ಬಹಳ ವರ್ಷವಾಯಿತು, ಮಕ್ಕಳಿಲ್ಲ. ಮೈದುನನ ತುಂಬಿದ ಮನೆಯಲ್ಲಿ ಹಿರಿಯಳಾಗಿ ಇದ್ದಳು. ಹೋದ ವರ್ಷ ನನ್ನ ಮನೆಗೆ ಎಂಟು ದಿನ ಇರುತ್ತೇನೆಂದು ಬಂದವಳು ಎರಡನೆಯ ದಿನವೇ ಆ ಪ್ಯಾಸೇಜಿನಲ್ಲಿ ಹಿಟ್ಟಿನ ಡಬ್ಬಿಗೆ ಕಾಲು ಹೊಡೆದುಕೊಂಡು ಬಿದ್ದಳು. ಮೂಳೆಗೆ ಏನೂ ಆಗಲಿಲ್ಲ, ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಮೂರನೆಯ ದಿನ ಸೊರಬಕ್ಕೆ ಹೊರಟುಬಿಟ್ಟಳು. ಆಮೇಲೆ ನಾನು ಫೋನಿನಲ್ಲಿ ಕರೆದಾಗಲೆಲ್ಲ ಒಂದೇ ಮಾತು.

“ನಿನ್ನ ಮನೆ ಕತ್ತಲೆ ಮಾರಾಯ್ತಿ. ಗವೀಲಿ ಇದ್ದಂಗೆ ಇರ್ತೀಯ. ಮೊದಲು ಒಂದು ದೀಪ ಮಾಡ್ಸು, ಆಮೇಲೆ ಕರಿ.”

“ದೀಪ ಮಾಡಿಸಿದರೆ ಬಂದು ಇಲ್ಲೇ ಇರ್ತೀಯಾ?”

“ಇಲ್ಲೇ ಅಂದ್ರೆ?”

“ಇಲ್ಲೇ ಅಂದರೆ ಇಲ್ಲೇ ಅಕ್ಕ. ನನ್ನ ಜೊತೆ.”

 “ದೀಪ ಮಾಡ್ಸು, ನೋಡಣ” ಎಂದಳು. ‘ನೋಡಣ’ ಎನ್ನುವ ಆ ಒಂದು ಮಾತನ್ನು ನಾನು ಒಪ್ಪಿಗೆ ಎಂದೇ ತಿಳಿದೆ. ಒಬ್ಬರೇ ಇರುವವರು ಗ್ರಾಮರ್ ನೋಡುವುದಿಲ್ಲ. ಎಪ್ಪತ್ತು ದಾಟಿದ ಮೇಲೆ ಇಬ್ಬರೂ ಒಂದೇ ಮನೆಯಲ್ಲಿ ಇದ್ದು, ಬೆಳಿಗ್ಗೆ ಕಾಫಿಗೆ ಎರಡು ಲೋಟ ಇಟ್ಟುಕೊಂಡು, ಸುಳ್ಳು ಸುಳ್ಳೇ ಜಗಳವಾಡಿಕೊಂಡು ಇರಬೇಕು ಎಂಬ ಆಸೆ ನನಗೆ ಎಷ್ಟಿತ್ತೆಂದು ಆ ದಿನದವರೆಗೆ ನನಗೇ ಗೊತ್ತಿರಲಿಲ್ಲ. ನನಗೆ ಬೇಕಾಗಿದ್ದುದು ಅಕ್ಕ. ಅಂಗಡಿಯಲ್ಲಿ ಸಿಗುತ್ತಿದ್ದುದು ದೀಪ. ಹಾಗಾಗಿ ಅಂಗಡಿಗೆ ಹೋದೆ.

ಬಸ್‌ಸ್ಟ್ಯಾಂಡ್ ಹತ್ತಿರದ ಎಲೆಕ್ಟ್ರಿಕಲ್ ಅಂಗಡಿ ಈಗ ರೇಣುಕಾಳದು. ರೇಣುಕಾ ನನ್ನ ಸ್ಟೂಡೆಂಟ್. ಇಂಗ್ಲಿಷಿನಲ್ಲಿ ಎರಡು ಸಲ ಫೇಲಾದವಳು. ಎರಡು ಸಲವೂ ನಾನೇ ಫೇಲು ಮಾಡಿದ್ದೆ. ಈಗ ಗಲ್ಲದ ಕೆಳಗೆ ಫೋನು ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ವೈರ್ ಅಳೆಯುತ್ತ, ಇನ್ನೊಂದು ಕೈಯಲ್ಲಿ ಗಿರಾಕಿಗೆ ಕೂರಲು ಸ್ಟೂಲು ತೋರಿಸುತ್ತಾಳೆ.

“ಬರ್ರಿ ಟೀಚರ್, ಕೂಡ್ರಿ. ಏನು ಬೇಕಾಗಿತ್ರಿ?”

“ಲೈಟ್ ಬೇಕಿತ್ತು ರೇಣುಕಾ. ತಾನೇ ಹತ್ತೋದು.”

“ಏನು ನೋಡಿ ಹತ್ತೋದು ಟೀಚರ್? ಕತ್ಲೆ ನೋಡಿ ಹತ್ತೋದಾ, ಮನುಷ್ಯರ್ನ ನೋಡಿ ಹತ್ತೋದಾ, ಕರೆಂಟ್ ಹೋಗಿದ್ದು ನೋಡಿ ಹತ್ತೋದಾ?”

“ಮೂರೂ ಬೇರೆ ಬೇರೆನಾ?”

“ಬೇರೆ ಬೇರೇನೇ ಮತ್ತೆ. ಪ್ರೆಸೆಂಟು, ಪಾಸ್ಟು, ಫ್ಯೂಚರು ಅಂತ ನೀವು ಹೇಳ್ತಿದ್ರಲ್ಲ, ಹಂಗೆ. ಹೋಲ್ಡರ್ ಯಾವುದೈತ್ರಿ ಮನ್ಯಾಗೆ? ಪಿನ್ನಿಂದಾ, ತಿರುವಿ ಹಾಕೋದಾ? ಸೀಲಿಂಗ್ ಎಷ್ಟು ಹೈಟೈತಿ? ಬೆಳಕು ಬಿಳೀದು ಬೇಕಾ, ಹಳದೀದಾ? ಪ್ಯಾಸೇಜ್ ಉದ್ದ ಎಷ್ಟು?”

ನಾನು ನೆಲ ನೋಡಿದೆ. ಕ್ಲಾಸಿನಲ್ಲಿ ನಾನು ಪ್ಯಾಸಿವ್ ವಾಯ್ಸ್ ಕೇಳಿದಾಗ ಇವಳು ಎಲ್ಲಿ ನೋಡುತ್ತಿದ್ದಳೋ ಅಲ್ಲಿಯೇ. ಮೂವತ್ತು ವರ್ಷ ನಾನು ಪ್ರಶ್ನೆ ಕೇಳುವ ಕಡೆಯಲ್ಲಿ ನಿಂತವಳು. ಈ ಕಡೆಯಿಂದ ನೆಲ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂದು ಗೊತ್ತೇ ಇರಲಿಲ್ಲ. ರೇಣುಕಾ ನನಗಿಂತ ಒಳ್ಳೆಯ ಟೀಚರ್. “ಏನಾಗಲ್ಲ ಬಿಡ್ರಿ, ನಾಳೆ ನೋಡ್ಕೊಂಡು ಬರ್ರಿ. ನಾನೇನು ಬೈಯಲ್ಲ” ಎಂದಳು. ಮರುದಿನ ಗೆರೆ ಎಳೆದ ಹಾಳೆಯಲ್ಲಿ, ಮಾರ್ಜಿನ್ ಬಿಟ್ಟು, ಎಲ್ಲಾ ಉತ್ತರಗಳನ್ನು ಬರೆದುಕೊಂಡು ಹೋದೆ. ಅವಳು ಪೆನ್ನು ತೆಗೆದುಕೊಂಡು ಒಂದೊಂದಕ್ಕೂ ರೈಟ್ ಮಾರ್ಕು ಹಾಕಿದಳು. ಬೇಕೆಂದೇ ಹಾಕಿದಳೋ, ಅಂಗಡಿಯವರ ಅಭ್ಯಾಸವೋ, ನಾನು ಕೇಳಲಿಲ್ಲ.

ಆಮೇಲೆ ಒಂದು ಬಲ್ಬು ತೆಗೆದು ಬರೀ ಕೈಯಲ್ಲಿ ಹಿಡಿದಳು, ಅದು ಹತ್ತಿತು. ಯಾವ ವೈರೂ ಇಲ್ಲ, ಹೋಲ್ಡರೂ ಇಲ್ಲ. ಅದು ಎಮರ್ಜೆನ್ಸಿ ಬಲ್ಬಂತೆ, ಒಳಗೆ ಬ್ಯಾಟರಿ ಇದೆಯಂತೆ, ತಳವನ್ನು ಬೆರಳಿನಿಂದ ಮುಟ್ಟಿದರೆ ಸಾಕಂತೆ. “ನೀವು ಹಿಡೀರಿ” ಎಂದು ಕೊಟ್ಟಳು. ನನ್ನ ಕೈಯಲ್ಲಿ ಹತ್ತಲಿಲ್ಲ. ಪೈಪು ಕೊಳ್ಳಲು ಬಂದಿದ್ದ ರೈತರೊಬ್ಬರು ಆಸಕ್ತಿಯಿಂದ ನೋಡುತ್ತ ನಿಂತರು. “ವಯಸ್ಸಾದ್ರೆ ಕೈ ಒಣಗ್ತಾವ್ರಿ ಟೀಚರ್, ಒಂಚೂರು ನೀರು ಮುಟ್ಟಿಸ್ಕೊಳ್ರಿ” ಎಂದು ರೇಣುಕಾ ಬಾಟಲಿ ಮುಂದೆ ಹಿಡಿದಳು. ಬೆರಳು ಒದ್ದೆ ಮಾಡಿಕೊಂಡು ಮುಟ್ಟಿದೆ. ಹತ್ತಿತು. ನನ್ನಲ್ಲಿ ಇನ್ನೂ ಏನೋ ಉಳಿದಿದೆ ಎಂದು ಒಂದು ವಸ್ತು ಸರ್ಟಿಫಿಕೇಟು ಕೊಟ್ಟದ್ದು ರಿಟೈರ್‌ಮೆಂಟಿನ ನಂತರ ಅದೇ ಮೊದಲು. ಆ ಖುಷಿಯಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಕೊಂಡೆ. ಪ್ಯಾಸೇಜಿಗೆ, ಬಚ್ಚಲುಮನೆಗೆ, ಹಾಲಿಗೆ ಮನುಷ್ಯರನ್ನು ನೋಡಿ ಹತ್ತುವ ಸೆನ್ಸರ್ ಲೈಟು. ವರಾಂಡಕ್ಕೆ ಮುಸ್ಸಂಜೆಯಾದ ಕೂಡಲೇ ಹತ್ತಿ ಬೆಳಿಗ್ಗೆ ತಾನೇ ಆರುವ ಲೈಟು. ಅಡಿಗೆಮನೆಗೆ ಎಮರ್ಜೆನ್ಸಿ ಬಲ್ಬು. ಹೊರಡುವಾಗ ರೇಣುಕಾ ಕೂಗಿ ಹೇಳಿದಳು, “ಒಂದೇ ಮಾತು ನೆನಪಿಟ್ಕೊಳ್ರಿ, ಎಮರ್ಜೆನ್ಸಿ ಬಲ್ಬಿನ ಸ್ವಿಚ್ ಹಾಕೇ ಇರಬೇಕು. ಆಫ್ ಮಾಡಿದ್ರೆ ಕರೆಂಟ್ ಹೋದಾಗ ಹತ್ತಲ್ಲ.”

ಹಾಕಿಕೊಡಲು ಬಂದವರು ಎಲೆಕ್ಟ್ರಿಷಿಯನ್ ಬಸವರಾಜಪ್ಪ. ಐವತ್ತರ ಹತ್ತಿರದ, ಹೆಚ್ಚು ಮಾತಿಲ್ಲದ ಮನುಷ್ಯ. ಲೈಟು ಕೂರಿಸಿದ ಮೇಲೆ ಏಣಿಯ ಮೇಲೇ ನಿಂತು, “ನಡೀರಿ ಟೀಚರ್” ಎಂದರು. ನಡೆದೆ. “ವಾಪಸ್ ಬರ್ರಿ.” ಬಂದೆ. “ಹಂಗೆ ಬ್ಯಾಡ, ಕ್ಲಾಸಿಗೆ ಹೋದಂಗೆ ಹೋಗ್ತಿದ್ದೀರಿ. ನಿಮ್ಮಕ್ಕಾರು ಹೆಂಗೆ ನಡೀತಾರೋ ಹಂಗೆ ನಡೀರಿ, ಸೆನ್ಸರ್ ಅವರಿಗೆ ತಾನೆ.” ನಾನು ಅಕ್ಕನಂತೆ ನಡೆಯಲು ತೊಡಗಿದೆ. ಎಡಗೈ ಗೋಡೆಯ ಮೇಲೆ, ಬಲ ಮಂಡಿಯ ಮೇಲೆ ಭಾರ ಬಿಡದಂತೆ, ಅರ್ಧ ಹೆಜ್ಜೆ, ಇನ್ನರ್ಧ ಹೆಜ್ಜೆ. ಮೂರು ಸಲ ಹೋಗಿ ಬಂದೆ. ಬಸವರಾಜಪ್ಪ ಸೆನ್ಸರಿನ ಮುಖ ತಿರುಗಿಸಿ ಸರಿಮಾಡಿ ಕೆಳಗಿಳಿದರು. ನಾನು ಅಡಿಗೆಮನೆಗೆ ಚಹಾ ತರಲು ಹೋದೆ. ಅಲ್ಲಿಗೆ ತಲುಪಿದ ಮೇಲೆ ಗೊತ್ತಾಯಿತು, ನಾನು ಇನ್ನೂ ಹಾಗೆಯೇ ನಡೆಯುತ್ತಿದ್ದೆ, ಮತ್ತು ಅದು ನಟನೆಯಾಗಿರಲಿಲ್ಲ.

“ಟೈಮ್ ಎಷ್ಟು ಇಡ್ಲಿ?” ಎಂದು ಕೇಳಿದರು. ಮನುಷ್ಯರ ಅಲುಗಾಟ ನಿಂತ ಮೇಲೆ ದೀಪ ಎಷ್ಟು ಹೊತ್ತು ಇರಬೇಕು ಎಂಬ ಲೆಕ್ಕ ಅದು. ಮೂವತ್ತು ಸೆಕೆಂಡು, ಒಂದು ನಿಮಿಷ, ಮೂರು ನಿಮಿಷ ಎಂದು ಮೂರು ಗೆರೆ ಇದ್ದವು. “ಎಷ್ಟು ಜನ ಇರ್ತೀರಿ ಮನ್ಯಾಗೆ?”

“ಇಬ್ಬರು” ಎಂದೆ.

ಅವರು ಹಾಲಿನ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಊಟದ ಟೇಬಲ್ಲಿಗೆ ಒಂದು ಕುರ್ಚಿ. ನೀರಿನ ಬಿಂದಿಗೆಯ ಮೇಲೆ ಬೋರಲು ಹಾಕಿದ ಒಂದು ಲೋಟ. ಬಾಗಿಲ ಹತ್ತಿರ ಒಂದು ಜೊತೆ ಚಪ್ಪಲಿ. “ಸದ್ಯ ಮೂವತ್ತು ಸೆಕೆಂಡಿಗೆ ಇಟ್ಟಿರ್ತೀನ್ರಿ. ಇಬ್ಬರಾದಾಗ ಹೇಳ್ರಿ, ಹೆಚ್ಚು ಮಾಡ್ತೀನಿ” ಎಂದು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡರು.

ಅಕ್ಕ ಬರಲು ಇನ್ನೂ ಮೂರು ವಾರವಿತ್ತು. ಆ ಮೂರು ವಾರ ನಾನು ಮತ್ತು ದೀಪಗಳು ಮಾತ್ರ. ಮೊದಲ ದಿನ ಹಾಲಿನಲ್ಲಿ ಕೂತು ಪೇಪರ್ ಓದುತ್ತಿದ್ದೆ. ಒಂದು ಪ್ಯಾರಾ ಮುಗಿಯುವಷ್ಟರಲ್ಲಿ ದೀಪ ಆರಿತು. ಕರೆಂಟ್ ಹೋಯಿತೆಂದುಕೊಂಡೆ, ಫ್ಯಾನ್ ತಿರುಗುತ್ತಿತ್ತು. ಕೈ ಎತ್ತಿದೆ, ಹತ್ತಿತು. ಓದತೊಡಗಿದೆ, ಆರಿತು. ಈ ಯಂತ್ರದ ದೃಷ್ಟಿಯಲ್ಲಿ ಅಲ್ಲಾಡದೆ ಕೂತವಳು ಮನೆಯಲ್ಲಿ ಇಲ್ಲವೆಂದೇ ಲೆಕ್ಕ. ಮೂವತ್ತು ವರ್ಷ ನಾನು ಹೆಣ್ಣುಮಕ್ಕಳಿಗೆ ‘ಅಲ್ಲಾಡದೆ ಕೂತ್ಕೊಳ್ಳಿ’ ಎಂದು ಹೇಳಿ ಹೇಳಿ ಗಂಟಲು ಕೆಡಿಸಿಕೊಂಡವಳು; ಈಗ ಸೀಲಿಂಗಿನ ಮೇಲೆ ಕೂತ ಒಂದು ಬಿಳಿ ತಟ್ಟೆ ಪ್ರತಿ ಅರ್ಧ ನಿಮಿಷಕ್ಕೆ ಹಾಜರಿ ಕರೆಯುತ್ತಿತ್ತು. ನಾನು ಕೈ ಎತ್ತದಿದ್ದರೆ ಆಬ್ಸೆಂಟ್. ಆಮೇಲೆ ಆಮೇಲೆ ಓದುತ್ತಲೇ ಎಡಗೈಯನ್ನು ಆಗಾಗ ತಲೆಯ ಮೇಲೆ ಬೀಸುವುದನ್ನು ರೂಢಿ ಮಾಡಿಕೊಂಡೆ. ಒಂದು ದಿನ ಎದುರು ಮನೆಯ ಸೊಸೆ ಗೇಟಿನ ಹತ್ತಿರ ನಿಂತು, “ಆಂಟಿ, ಸೊಳ್ಳೆ ಜಾಸ್ತಿಯಾಗಿದಾವಾ? ನಮ್ಮನ್ಯಾಗೆ ಬ್ಯಾಟ್ ಐತಿ, ತಂದ್ಕೊಡ್ಲಾ?” ಎಂದು ಕೇಳಿದಳು. ಸೊಳ್ಳೆಯಲ್ಲ, ನಾನು ಇದ್ದೇನೆ ಎಂದು ಹೇಳುತ್ತಿದ್ದೇನೆ ಎನ್ನಲು ನಾಲಿಗೆ ಬರಲಿಲ್ಲ. ಬ್ಯಾಟು ಇಸಿದುಕೊಂಡೆ.

ಒಂದು ಮಧ್ಯಾಹ್ನ ಊಟವಾದ ಮೇಲೆ ಪ್ಯಾಸೇಜಿನ ದೀಪ ತಾನೇ ಹತ್ತಿದ್ದು ಹಾಲಿನಿಂದ ಕಂಡಿತು. ಅಲ್ಲಿ ಯಾರೋ ನಡೆದಿರಬೇಕು ಎಂದು ಎದ್ದು ಹೋಗಿ ನೋಡಿದೆ. ಹಿತ್ತಿಲ ಬಾಗಿಲಿನಿಂದ ಒಳಗೆ ಬಂದ ಬೀದಿಯ ಬೆಕ್ಕು. ಹೆದರಬೇಕಾಗಿತ್ತು ಅಥವಾ ಓಡಿಸಬೇಕಾಗಿತ್ತು. ನಾನು ಹಾಲು ಹಾಕಿದೆ. ದೀಪದ ಲೆಕ್ಕದಲ್ಲಿ ನಾವು ಇಬ್ಬರಾಗಿದ್ದೆವು.

ಅಕ್ಕನನ್ನು ಮೈದುನನ ಮಗ ಮಂಜುನಾಥ ಕಾರಿನಲ್ಲಿ ತಂದು ಬಿಟ್ಟುಹೋದ. ಎರಡು ಚೀಲ ಬಟ್ಟೆ, ಒಂದು ಡಬ್ಬಿ ಅಪ್ಪೆಮಿಡಿ ಉಪ್ಪಿನಕಾಯಿ. ಎರಡು ಚೀಲ ನೋಡಿ ನನ್ನ ಎದೆ ಹಗುರಾಯಿತು. ನಾಲ್ಕು ದಿನಕ್ಕೆ ಬರುವವರು ಎರಡು ಚೀಲ ತರುವುದಿಲ್ಲ. ಎರಡನೆಯ ಕುರ್ಚಿಯನ್ನು ಆಗಲೇ ಮಾಡಿಸಿಟ್ಟಿದ್ದೆ. ನಾನು ಗೈಡಿನಂತೆ ಮುಂದೆ ನಡೆದು, ನನಗಾಗಿ ಹತ್ತಿದ ದೀಪ ಆರುವವರೆಗೆ ಅಲ್ಲಾಡದೆ ನಿಂತು, “ಈಗ ನೋಡು ಅಕ್ಕ, ನೀನೇನೂ ಮಾಡಬೇಡ, ಸುಮ್ಮನೆ ಬಾ” ಎಂದು ಪ್ಯಾಸೇಜಿಗೆ ಕರೆದೆ. ಅವಳು ಎರಡು ಹೆಜ್ಜೆ ಇಟ್ಟಳು. ದೀಪ ಝಗ್ ಎಂದು ಹತ್ತಿತು. ಅಕ್ಕ ನಿಂತಳು, ಕಣ್ಣು ಮುಚ್ಚಿ ಎರಡೂ ಕೈ ಜೋಡಿಸಿದಳು. ಈಗ ಗಾಜಿನ ಬಳೆಗಳಿಲ್ಲ, ಒಂದೊಂದು ಕೈಗೆ ಒಂದೊಂದೇ ಸಣ್ಣ ಚಿನ್ನದ ಬಳೆ, ಸದ್ದಾಗಲಿಲ್ಲ. ನಾನು ಆ ತುದಿಯಲ್ಲಿ, ದೀಪದ ಕೆಳಗೇ ನಿಂತಿದ್ದೆ. ನಮಸ್ಕಾರ ನೇರ ನನಗೇ ಬಂದಿತು. ನಾನು ತಬ್ಬಿಬ್ಬಾದುದನ್ನು ಕಂಡು ಅವಳು, “ನಿನಗಲ್ಲ ಬಿಡೆ” ಎಂದು ಮುಂದೆ ನಡೆದಳು.

ಇದು ಆ ದಿನ ಸಂಜೆಯೊಳಗೆ ಹದಿನೇಳು ಸಲ ಆಯಿತು. ಹಾಜರಿ ತೆಗೆದುಕೊಂಡು ಅಭ್ಯಾಸವಾದವಳು ನಾನು, ಎಣಿಸದೆ ಇರಲಾರೆ. ಬಿಸಿನೀರಿನ ಚೊಂಬು ಹಿಡಿದು ಬರುತ್ತಿದ್ದರೆ ಚೊಂಬನ್ನು ಕೆಳಗಿಟ್ಟು ಕೈ ಮುಗಿಯುವಳು. ದೀರ್ಘವಾಗಿ ಮುಗಿಯುವಳು, ಅಲ್ಲಾಡದೆ. ಅಷ್ಟರಲ್ಲಿ ಮೂವತ್ತು ಸೆಕೆಂಡು ಮುಗಿದು ದೀಪ ಆರುತ್ತಿತ್ತು. ಚೊಂಬು ಎತ್ತಲು ಬಗ್ಗಿದರೆ ಮತ್ತೆ ಹತ್ತುತ್ತಿತ್ತು. ಚೊಂಬು ಮತ್ತೆ ಕೆಳಗೆ, ಕೈ ಮತ್ತೆ ಮೇಲೆ. ನೀರು ಬಚ್ಚಲುಮನೆ ತಲುಪುವ ಹೊತ್ತಿಗೆ ತಣ್ಣಗಾಗಿರುತ್ತಿತ್ತು.

“ಅಕ್ಕ, ಎಷ್ಟು ಸಲ ಮುಗೀತೀಯೆ? ಸಂಜೆ ಒಂದು ಸಲ ಸಾಕಲ್ಲ.”

“ಹತ್ತಿದ ದೀಪಕ್ಕೆ ಕೈ ಮುಗೀದೆ ಹೆಂಗೆ ಹೋಗದು? ಎದುರಿಗೆ ಬಂದೋರ್ನ ಕಂಡೂ ಕಾಣದಂಗೆ ಹೋದಂಗಾತದೆ.”

“ಅದು ನಿನ್ನನ್ನು ನೋಡಿ ಹತ್ತಿದ್ದು ಅಷ್ಟೆ. ಮೆಷಿನ್ನು.”

“ನನ್ನನ್ನ ನೋಡಿ ಹತ್ತಿದ್ದಾದ್ರೆ ಇನ್ನೂ ಮುಗೀಬೇಕು. ಈ ವಯಸ್ಸಲ್ಲಿ ನನ್ನನ್ನ ನೋಡಿ ಯಾರು ಹತ್ತತಾರೆ ಹೇಳು.”

ಬಚ್ಚಲುಮನೆಯದು ಇನ್ನೂ ದೊಡ್ಡ ಧರ್ಮಸಂಕಟ. ಅಲ್ಲಿಯೂ ದೀಪ ತಾನೇ ಹತ್ತುತ್ತದೆ, ಅಲ್ಲಿ ಕೈ ಮುಗಿಯುವಂತಿಲ್ಲ. ಒಂದು ದಿನ ಪೂರ್ತಿ ಯೋಚಿಸಿ ಅಕ್ಕ ದಾರಿ ಕಂಡುಕೊಂಡಳು. ಬಾಗಿಲ ಹೊರಗೇ ನಿಂತು, ಒಳಗಿನ ಕತ್ತಲೆಗೆ ಮುಂಗಡವಾಗಿ ಕೈ ಮುಗಿದು ಆಮೇಲೆ ಒಳಗೆ ಹೋಗುತ್ತಿದ್ದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ಮನೆಯಲ್ಲಿ ಅಷ್ಟು ಜೋರಾಗಿ ಯಾರೂ ನಕ್ಕಿರಲಿಲ್ಲ, ಗೃಹಪ್ರವೇಶದ ದಿನವೂ.

ನಕ್ಕ ಮೇಲೆ ಒಂದು ಹಳೆಯ ಸಂಗತಿ ನೆನಪಾಗಿ ಬಾಯಿ ಮುಚ್ಚಿತು. ಅಮ್ಮನ ಕಾಯಿಲೆಯಿಂದಾಗಿ ಅಕ್ಕನನ್ನು ಏಳನೇ ಕ್ಲಾಸಿಗೆ ಬಿಡಿಸಿ ಮನೆಯಲ್ಲಿ ಉಳಿಸಿಕೊಂಡರು. ಒಬ್ಬಳಾದರೂ ಇಂಗ್ಲಿಷ್ ಕಲಿಯಲಿ ಎಂದು ಅಪ್ಪ ನನ್ನನ್ನು ಶಿವಮೊಗ್ಗದ ಕಾನ್ವೆಂಟಿನ ಹಾಸ್ಟೆಲಿಗೆ ಹಾಕಿದರು. ಹೋದ ದಿನವೇ ಸಂಜೆ ಡಾರ್ಮಿಟರಿಯ ಲೈಟು ಹತ್ತಿತು, ನಾನು ಅಕ್ಕನಂತೆ ಕೈ ಮುಗಿದೆ. ಇಪ್ಪತ್ತು ಹುಡುಗಿಯರು ನಕ್ಕರು. ಒಬ್ಬಳು ವಾರಪೂರ್ತಿ ನನ್ನನ್ನು ಕಂಡಾಗಲೆಲ್ಲ ಬಲ್ಬಿಗೆ ಕೈ ಮುಗಿದು ತೋರಿಸಿದಳು. ಆ ಮೇಲೆ ನಾನು ಯಾವ ದೀಪಕ್ಕೂ ಕೈ ಮುಗಿದಿಲ್ಲ. ಈಗ ನನ್ನ ಸ್ವಂತ ಪ್ಯಾಸೇಜಿನಲ್ಲಿ ನಾನೇ ಆ ಇಪ್ಪತ್ತೊಂದನೆಯ ಹುಡುಗಿಯಾಗಿದ್ದೆ.

ನಾಲ್ಕನೆಯ ಸಂಜೆ ಕರೆಂಟು ಹೋಯಿತು. ನಾನು ಇದಕ್ಕಾಗಿಯೇ ಕಾಯುತ್ತಿದ್ದೆ. ಹಾಲು, ಪ್ಯಾಸೇಜು ಎಲ್ಲ ಕತ್ತಲೆ. ಅಡಿಗೆಮನೆಯಲ್ಲಿ ಮಾತ್ರ ಎಮರ್ಜೆನ್ಸಿ ಬಲ್ಬು ಏನೂ ಆಗದವರಂತೆ ಉರಿಯುತ್ತಿತ್ತು. “ನೋಡಿದ್ಯಾ ಅಕ್ಕ” ಎಂದು ಹೆಮ್ಮೆಯಿಂದ ತಿರುಗಿದೆ. ಅಕ್ಕ ಕುರ್ಚಿಯಲ್ಲಿರಲಿಲ್ಲ. ಟಕ್, ಟಕ್, ಟಕ್ ಎಂದು ಸದ್ದು ಕೇಳಿತು, ಅಡಿಗೆಮನೆಯೂ ಕತ್ತಲಾಯಿತು. ನಮ್ಮ ಕಡೆ ಕರೆಂಟು ಹೋದ ತಕ್ಷಣ ಹಿರಿಯರು ಮಾಡುವ ಮೊದಲ ಕೆಲಸ ಮನೆಯ ಎಲ್ಲ ಸ್ವಿಚ್ಚುಗಳನ್ನು ಆರಿಸುವುದು. ಹೋದ ಕರೆಂಟು ವಾಪಸ್ಸು ಬರುವಾಗ ಸಿಟ್ಟಿನಿಂದ ಬರುತ್ತದೆ, ಎದುರಿಗೆ ಏನು ಸಿಕ್ಕರೂ ಸುಡುತ್ತದೆ ಎಂಬುದು ಎರಡು ಮಿಕ್ಸಿ, ಒಂದು ಟಿವಿ ಕಳೆದುಕೊಂಡು ಅಕ್ಕ ಕಲಿತ ಪಾಠ.

“ಆ ಸ್ವಿಚ್ ಆರಿಸಬಾರದು ಅಕ್ಕ. ಅದು ಕರೆಂಟ್ ಇಲ್ಲದಾಗಲೇ ಕೆಲಸಕ್ಕೆ ಬರೋದು.”

“ಕರೆಂಟಿಲ್ಲದಾಗ ಸ್ವಿಚ್ ಹಾಕಿಡೋದನ್ನ ಯಾರು ಕಲಿಸಿದ್ರು ನಿನಗೆ? ಕಾನ್ವೆಂಟಲ್ಲಾ?”

ಮತ್ತೆ ಹಾಕಬಹುದಾಗಿತ್ತು. ಹಾಕಲಿಲ್ಲ. ಅಕ್ಕ ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಮನುಷ್ಯರನ್ನು ನೋಡುವ ದೀಪ, ಕತ್ತಲೆಯನ್ನು ನೋಡುವ ದೀಪ, ಕರೆಂಟು ಹೋದದ್ದನ್ನು ನೋಡುವ ದೀಪ, ಮೂರೂ ಇರುವ ಮನೆಯಲ್ಲಿ ಇಬ್ಬರು ಮುದುಕಿಯರು ಕತ್ತಲೆಯಲ್ಲಿ ಕೂತೆವು. ಮುಖ ಕಾಣದಿದ್ದರಿಂದ ನನಗೆ ಧೈರ್ಯ ಬಂದಿತು.

“ಅಕ್ಕ, ಇಲ್ಲೇ ಇದ್ದುಬಿಡು. ದೀಪ ಮಾಡಿಸು ಅಂದೆ, ಮಾಡಿಸಿದೀನಿ.”

“ಚಂದ ಮಾಡ್ಸಿದೀಯ. ಎಡವೋ ಹಾಗಿಲ್ಲ, ಬೀಳೋ ಹಾಗಿಲ್ಲ.”

“ಮತ್ತೆ?”

ಅವಳು ಸೆರಗಿನ ಅಂಚು ತಿಕ್ಕುವ ಸದ್ದು ಕೇಳಿತು. “ಸೊರಬದಲ್ಲಿ ಅಡಿಗೆ ಮಂಜುನ ಹೆಂಡ್ತಿ ನೋಡ್ಕತಾಳೆ, ಲೆಕ್ಕಪತ್ರ ಮೈದುನ ನೋಡ್ಕತಾನೆ. ನನ್ನನ್ನ ಯಾರೂ ಏನೂ ಮಾಡಕ್ಕೆ ಬಿಡಲ್ಲ. ಮುಸ್ಸಂಜೆ ಆದ್ರೆ ಮಾತ್ರ, ಆ ಸಣ್ಣದು ಇದೆಯಲ್ಲ ಮಂಜುನ ಮಗಳು, ‘ಅಜ್ಜೀ, ಲೈಟ್ ಹಾಕು ಬಾ’ ಅಂತ ಕೂಗತದೆ. ಸ್ವಿಚ್ ಅವಳ ಕೈಗೆ ಎಟುಕತದೆ, ಆದ್ರೂ ಹಾಕಲ್ಲ. ಯಾರೂ ಹಾಕಲ್ಲ. ಎಷ್ಟು ಕತ್ತಲಾದ್ರೂ ನಾನು 
ಬರೋವರೆಗೆ ಕಾಯ್ತಾರೆ. ಇಲ್ಲಿ ನಿನ್ನೆ ಸಂಜೆ ನಾನು ವರಾಂಡಕ್ಕೆ ಹೋಗೋವಷ್ಟರಲ್ಲಿ ನಿನ್ನ ದೀಪ ಹತ್ಕೊಂಡು ಕೂತಿತ್ತು ಸುಶೀ. ನಾನು ಬರೀ ಕೈ ಮುಗಿದು ಬಂದೆ. ಮುಗಿಯೋದು ಎಷ್ಟು ಸಲ ಬೇಕಾದ್ರೂ ಮುಗೀತೀನಿ. ಹಚ್ಚೋದೇ ಇಲ್ಲಲ್ಲ.”

 ಮೂವತ್ತು ವರ್ಷ ಪ್ಯಾಸೇಜ್ ಓದಿಸಿ ಕಾಂಪ್ರಹೆನ್ಷನ್ ಕಲಿಸಿದವಳಿಗೆ ಈ ಪ್ಯಾಸೇಜ್ ಅರ್ಥವಾಗಿರಲಿಲ್ಲ. ಅವಳು ದೀಪ ಬೇಕು ಎಂದಿದ್ದಳು. ಅವಳು ಹಚ್ಚಬೇಕಾದ ದೀಪವನ್ನೂ ನಾನು ಮೆಷಿನ್ನಿಗೆ ಕೊಟ್ಟುಬಿಟ್ಟಿದ್ದೆ. ಅವಳು ಬರಲೆಂದು ಕೊಂಡ ದೀಪಗಳು ನಾಲ್ಕು ದಿನದಿಂದ ಅವಳಿಗೆ, ನಿನಗಿಲ್ಲಿ ಕೆಲಸವಿಲ್ಲ ಎಂದು ಹೇಳುತ್ತಿದ್ದವು, ಮತ್ತು ಅವಳು ಪ್ರತಿ ಸಲವೂ ಅದಕ್ಕೆ ಕೈ ಮುಗಿಯುತ್ತಿದ್ದಳು. ಕರೆಂಟು ಬಂದಿತು. ಚಿಕ್ಕವರಿದ್ದಾಗ ಕರೆಂಟು ಬಂದರೆ ಆನವಟ್ಟಿಯ ಇಡೀ ಬೀದಿ ಹೋ ಎನ್ನುತ್ತಿತ್ತು. ಈಗ ನನ್ನ ಮನೆ ಬಿಟ್ಟು ಎಲ್ಲರ ಮನೆಯಲ್ಲೂ ಇನ್ವರ್ಟರ್, ಯಾರಿಗೂ ಗೊತ್ತಾಗುವುದೇ ಇಲ್ಲ. ಅಕ್ಕ ಮಾತ್ರ ಮೆಲ್ಲಗೆ “ಹೋ” ಎಂದಳು.

ಎರಡು ದಿನ ಬಿಟ್ಟು ಹೊರಟಳು. ಅವಳು ಹೋದ ವಾರವೇ ಬಸವರಾಜಪ್ಪನವರನ್ನು ಕರೆಸಿ, ಹಾಲಿನ ಮತ್ತು ವರಾಂಡದ ದೀಪ ತೆಗೆಸಿ, ಸಾದಾ ಬಲ್ಬು ಹಾಕಿಸಿ, ಬಾಗಿಲ ಪಕ್ಕ, ಅಕ್ಕನ ಭುಜದ ಎತ್ತರಕ್ಕೆ ಎರಡು ಸ್ವಿಚ್ಚು ಇಡಿಸಿದೆ. “ಸೆನ್ಸರ್ ತೆಗೆಸಿ ಸ್ವಿಚ್ ಹಾಕಿಸ್ಕೊಂಡೋರು ಈ ತಾಲ್ಲೂಕಿನಾಗೆ ನೀವೊಬ್ರೇ ಟೀಚರ್” ಎಂದರು ಅವರು. ಪ್ಯಾಸೇಜಿನದು, ಬಚ್ಚಲುಮನೆಯದು ಮಾತ್ರ ಇರಲಿ ಎಂದೆ, ಬೀಳಬಾರದಲ್ಲ. ಪ್ಯಾಸೇಜಿನದನ್ನು ಮೂರು ನಿಮಿಷಕ್ಕೆ ಏರಿಸಲೇ ಎಂದು ಕೇಳಿದರು. “ಅಕ್ಕ ಬರಲಿ, ಆಮೇಲೆ” ಎಂದೆ. ಫೋನು ಮಾಡಿ, “ಅಕ್ಕ, ಸ್ವಿಚ್ ಹಾಕಿಸಿದೀನಿ. ನೀನು ಬರೋವರೆಗೆ ನಾನು ಕತ್ತಲೇಲೇ ಕೂತಿರ್ತೀನಿ ಬೇಕಾದರೆ” ಎಂದೆ. ಅವಳು ನಕ್ಕಳು. ಕಾರ್ತಿಕ ಮುಗಿಸಿಕೊಂಡು ಬರುತ್ತೇನೆ, ದಾರಿಯಲ್ಲಿ ತೊಗರ್ಸಿ ಮಲ್ಲಿಕಾರ್ಜುನನಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತೇನೆ ಎಂದಳು. ‘ನೋಡಣ’ ಎನ್ನಲಿಲ್ಲ, ‘ಬರ್ತೀನಿ’ ಎಂದಳು.

ಕಾರ್ತಿಕ ಮುಗಿಯುವ ಮೊದಲು ಸೊರಬದಿಂದ ಬಂದ ಫೋನು ಮಂಜುನಾಥನದು. ಮಲಗಿದವಳು ಏಳಲಿಲ್ಲವಂತೆ. ಹೋದೆ, ಎಲ್ಲ ಮುಗಿಸಿ ಬಂದೆ. ಅಂದು ಸಂಜೆ ಆ ಮನೆಯಲ್ಲಿ ಲೈಟು ಹಾಕಲು ಯಾರೂ ಏಳಲಿಲ್ಲ. ಕೊನೆಗೆ ಆ ಸಣ್ಣ ಹುಡುಗಿಯೇ ಎದ್ದು ಹಾಕಿ, ಕೈ ಮುಗಿದಳು.

ಈಗ ನನ್ನ ಬಾಗಿಲ ಪಕ್ಕ ಎರಡು ಸ್ವಿಚ್ಚುಗಳಿವೆ, ಸಂಜೆ ಅವನ್ನು ಟಕ್ ಎನಿಸುವವಳು ನಾನೇ. ಪ್ಯಾಸೇಜಿನ ದೀಪ ಇನ್ನೂ ಮೂವತ್ತು ಸೆಕೆಂಡಿನದೇ. ಅದು ಹತ್ತಿದಾಗಲೆಲ್ಲ ನಾನು ನಿಂತು ಕೈ ಮುಗಿಯುತ್ತೇನೆ. ಭಕ್ತಿಯೇನೂ ಅಲ್ಲ. ಸರ್ವಿಸಿನ ಉದ್ದಕ್ಕೂ, ಬಾರದ ಗೆಳತಿಯ ಹೆಸರಿಗೆ ‘ಪ್ರೆಸೆಂಟ್ ಮಿಸ್’ ಎಂದು ಕೂಗಿದ ಹುಡುಗಿಯರನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಪ್ರಾಕ್ಸಿ ಹಾಜರಿಯಷ್ಟು ದೊಡ್ಡ ಮೋಸ ಇನ್ನೊಂದಿಲ್ಲ ಎಂದು ಭಾಷಣ ಮಾಡಿದವಳು. ಈಗ ದಿನಕ್ಕೆ ಹತ್ತು ಹದಿನೈದು ಸಲ ಅದನ್ನೇ ಮಾಡುತ್ತಿದ್ದೇನೆ, ಹಿಡಿಯುವವರು ಯಾರೂ ಇಲ್ಲ.

ಸೊರಬದಲ್ಲಿ ಹೂವಿನ ನಡುವೆ ಕಂಡದ್ದನ್ನು ನಾನು ಅಕ್ಕನನ್ನು ಕಂಡದ್ದೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವಳು ಇಲ್ಲಿಂದ ಹೊರಟ ಬೆಳಿಗ್ಗೆ ಇನ್ನೂ ಮಬ್ಬಿತ್ತು. ಮಂಜುನಾಥನಿಗೆ ಆನವಟ್ಟಿಯಲ್ಲಿ ಏನೋ ಕೆಲಸವಿತ್ತು, ಬೇಗ ಬಂದಿದ್ದ. ಕಾರಿನಲ್ಲಿ ಕೂತ ಮೇಲೆ ಅವಳು ನನಗೆ ಕಾಣಲಿಲ್ಲ. ವರಾಂಡದ ದೀಪದ ಬೆಳಕು ನನ್ನ ಮೇಲೆಯೇ ಬಿದ್ದಿತ್ತು. ಅವಳಿಗೆ ನಾನು ಚೆನ್ನಾಗಿ ಕಂಡಿರಬೇಕು. ಹಾಗಾಗಿ ನಾನು ಅಕ್ಕನನ್ನು ಕೊನೆಯ ಸಲ ಕಂಡದ್ದು ಅದಕ್ಕೂ ಸ್ವಲ್ಪ ಮೊದಲು, ಪ್ಯಾಸೇಜಿನಲ್ಲಿ. ಅವಳು ಆ ಕಡೆಯಿಂದ ಎರಡೂ ಚೀಲ ಹಿಡಿದು ಬಂದಳು, ನಾನು ಈ ಕಡೆಯಿಂದ ಇಸಿದುಕೊಳ್ಳಲು ಹೋದೆ. ದೀಪ ಹತ್ತಿತು. ಅವಳು ಚೀಲಗಳನ್ನು ಕೆಳಗಿಟ್ಟು, ಕೈ ಜೋಡಿಸಿದಳು. ಕಣ್ಣು ಮುಚ್ಚಿರಲಿಲ್ಲ. ನಾನು ದೀಪದ ಕೆಳಗೆ ನಿಂತು ‘ನಿನಗಲ್ಲ ಬಿಡೆ’ ಎನ್ನುತ್ತಾಳೆಂದು ಕಾಯುತ್ತಿದ್ದೆ. ಅವಳು ಅನ್ನಲಿಲ್ಲ. ಇಬ್ಬರೂ ಅಲ್ಲಾಡಲಿಲ್ಲ, ದೀಪ ಆರಿತು. ನಾನು ಎಂದಿನಂತೆ ತಲೆಯ ಮೇಲೆ ಕೈ ಬೀಸಿ ಹತ್ತಿಸಿ, “ಮಂಜು ಕಾಯ್ತಿದಾನೆ, ನಡಿ ಅಕ್ಕ” ಎಂದೆ.